ಒಂದು ಮಾತು, ಏಳು ಕೆಲಸ

ಇಂಜಿನಿಯರಿಂಗಿನ ಕೊನೆಯ ವರ್ಷ ಪ್ರಾಜೆಕ್ಟ್ ತಂಡಗಳ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದ ದಿನ ನಾವು ಮೂವರು ಗೈಡ್ ಸರ್ ಕೋಣೆಯ ಹೊರಗೆ ಮುಕ್ಕಾಲು ಗಂಟೆ ಕಾದು ನಿಂತಿದ್ದೆವು. ನಮ್ಮ ತಂಡಕ್ಕೆ ನಾಲ್ಕನೆಯವನಾಗಿ ಹಾಕಿದ್ದ ಹುಡುಗನನ್ನು ತೆಗೆದು ಬೇರೆ ಯಾರನ್ನಾದರೂ ಕೊಡಿ ಎಂದು ಕೇಳುವುದಕ್ಕೆ. ಅವನು ಅದೇ ವರಾಂಡದಲ್ಲಿ, ನಮ್ಮಿಂದ ಹತ್ತು ಹೆಜ್ಜೆ ಆಚೆ, ಕಂಬಕ್ಕೆ ಒರಗಿ ನಿಂತಿದ್ದ. ನಾವು ಯಾಕೆ ನಿಂತಿದ್ದೇವೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ನಮಗೂ ಗೊತ್ತಿತ್ತು.

ಕಾಲೇಜು ಪುತ್ತೂರಿನಲ್ಲಿ. ಮೂವರೆಂದರೆ ಬೆಟ್ಟಂಪಾಡಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನಾನು, ಪೇಟೆಯಲ್ಲೇ ಮನೆಯಿದ್ದ ನನ್ನ ಗೆಳತಿ, ಮತ್ತು ಹಾಸ್ಟೆಲಿನಲ್ಲಿದ್ದ ಸುಳ್ಯದ ಹುಡುಗ. ಸುಳ್ಯದವನು ಮಾತುಗಾರ. ಮನೆಯವರೊಂದಿಗೆ ಫೋನಿನಲ್ಲಿ ಅವರ ಊರಿನ ಅರೆಭಾಷೆ, ನಮ್ಮೊಂದಿಗೆ ಕನ್ನಡ, ಸರ್‌ಗಳ ಎದುರು ಇಂಗ್ಲಿಷು, ಮೂರರಲ್ಲೂ ಒಂದೇ ವೇಗ. ನಾಲ್ಕನೆಯವನು ಕಡಬದ ಕಡೆಯವನು. ಕಾಣಿಯೂರು ಮಾರ್ಗದ ಬಸ್ಸಿನಲ್ಲಿ ದಿನಾ ಬಂದು ಹೋಗುತ್ತಿದ್ದ. ಅಂಕಗಳಲ್ಲಿ ನಮಗಿಂತ ಕಡಿಮೆಯೇನಲ್ಲ. ಅವನಿಗೆ ಉಗ್ಗು ಇತ್ತು, ಅಷ್ಟೇ.

ಸರ್ ಕಡೆಗೂ ಒಳಗೆ ಕರೆದು, "ಎಂತ ಸಮಸ್ಯೆ?" ಎಂದರು.

"ಪ್ರೆಸೆಂಟೇಶನ್ ಉಂಟಲ್ಲ ಸರ್, ಎಲ್ಲರೂ ಮಾತಾಡ್ಬೇಕಲ್ಲ" ಎಂದ ಸುಳ್ಯದವನು.

"ಮಾತಾಡ್ಲಿ" ಎಂದು ಸರ್ ಪುನಃ ತಮ್ಮ ಕಾಗದ ನೋಡತೊಡಗಿದರು.

ಹೊರಗೆ ಬಂದು ನಾವು ಅವನ ಮುಂದೆಯೇ ಕ್ಯಾಂಟೀನಿಗೆ ಹೋದೆವು. ಕರೆಯಲಿಲ್ಲ. ಅವನು ತಾನಾಗಿ ಹಿಂದೆ ಬಂದು ನಾಲ್ಕನೆಯ ಕುರ್ಚಿಯಲ್ಲಿ ಕೂತ.

ಅವನ ಮಾತು ಎಲ್ಲಿ ತಡೆಯುತ್ತಿತ್ತು, ಯಾವ ಅಕ್ಷರ ಎಷ್ಟು ಸಲ ಬರುತ್ತಿತ್ತು ಎಂದು ಇಲ್ಲಿ ಬರೆದು ತೋರಿಸಲು ನನಗೆ ಮನಸ್ಸಿಲ್ಲ. ಅದನ್ನು ನಾನು ಒಮ್ಮೆ ಮಾಡಿಯಾಗಿದೆ. ಅವನು ಹೇಳಿದ್ದನ್ನು ಮಾತ್ರ ಬರೆಯುತ್ತೇನೆ. ಪ್ರತಿಯೊಂದಕ್ಕೂ ಅವನು ಪಟ್ಟ ಶ್ರಮ, ಕುತ್ತಿಗೆಯ ನರ ಬಿಗಿಯುತ್ತಿದ್ದುದು, ಇವನ್ನು ಓದುವವರೇ ಸೇರಿಸಿಕೊಳ್ಳಬೇಕು.

ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಇಡುವ ಆ್ಯಪ್ ಮಾಡೋಣ, ಅದರೊಳಗೆ ಎಐ ಇರಲಿ ಎಂಬುದು ಸುಳ್ಯದವನ ಯೋಚನೆ. ಅದನ್ನು ಹೇಳಿದಾಗ ಗೈಡ್ ಸರ್ ನಕ್ಕರು. "ಅಂಥದ್ದು ಸಾವಿರ ಉಂಟು ಮಾರಾಯ್ರೆ. ನಿಮ್ಮದ್ದರಲ್ಲಿ ಎಂತ ಹೊಸತು?" ಆಗ ಕಡಬದವನು ನೋಟ್ ಪುಸ್ತಕದಲ್ಲಿ ಏನೋ ಬರೆದು ಸುಳ್ಯದವನ ಕಡೆಗೆ ಸರಿಸಿದ. 'ಟೈಪ್ ಮಾಡುವುದು ಬೇಡ. ನಮ್ಮ ಊರಿನ ಕನ್ನಡದಲ್ಲಿ ಮಾತಾಡಿದರೆ ಸಾಕು, ಪಟ್ಟಿ ಅದೇ ಮಾಡಿಕೊಳ್ಳಲಿ.' ಸುಳ್ಯದವನು ಒಂದು ಕ್ಷಣವೂ ತಡಮಾಡದೆ ಅದನ್ನು ತನ್ನ ಮಾತಿನಂತೆ ಓದಿದ. ಸರ್ ಮುಖ ಅರಳಿತು. "ಇದು ಒಳ್ಳೆದು ಕಾಣ್ತದೆ" ಎಂದರು.

ಮಾತಾಡಲು ಕಷ್ಟಪಡುವ ಒಬ್ಬನಿಗೆ ಮಾತಿನಿಂದ ನಡೆಯುವ ಆ್ಯಪ್ ಯಾಕೆ ಬೇಕೆನಿಸಿತು ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ಅವನ ಅಮ್ಮ ಟೈಲರಿಂಗ್ ಮಾಡುತ್ತಿದ್ದರು. ಕಣ್ಣು ಮಂಜಾಗಿ ಯಾರ ರವಿಕೆ ಯಾವತ್ತಿಗೆ ಎಂದು ಬರೆದಿಟ್ಟದ್ದನ್ನು ಅವರಿಗೇ ಓದಲಿಕ್ಕಾಗುತ್ತಿರಲಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಕೆಲಸ ಹಂಚಿಕೊಂಡೆವು. ಸುಳ್ಯದವನು ನಾಯಕ. ಗೆಳತಿಯದು ವರದಿ ಬರೆಯುವುದು. ಪರದೆಯ ಮೇಲೆ ಏನು ಎಲ್ಲಿರಬೇಕು, ಯಾವ ಬಣ್ಣ, ಯಾವ ಗುಂಡಿ ಎಂಬುದೆಲ್ಲ ನನ್ನದು. ಉಳಿದದ್ದು, ಅಂದರೆ ನಿಜವಾದ ಕೆಲಸ, ಕಡಬದವನದು. ಮಾತು ಅಕ್ಷರವಾಗಿ, ಆ ಅಕ್ಷರದಿಂದ ಎಐ ಕೆಲಸವನ್ನೂ ದಿನವನ್ನೂ ಹೆಕ್ಕಿ, ಅವನ್ನು ಸರ್ವರಿನಲ್ಲಿ ಉಳಿಸಿ, ಹೊತ್ತಿಗೆ ಸರಿಯಾಗಿ ನೆನಪು ಮಾಡುವುದು. ಬಸ್ಸಿನಲ್ಲಿ ಕೂತು ಅಕ್ಕಪಕ್ಕದವರಿಂದ ಅವರವರ ಕೆಲಸಗಳನ್ನು ಹೇಳಿಸಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದವನೂ ಅವನೇ. ಕಂಡಕ್ಟರು, ಅಂಗನವಾಡಿ ಟೀಚರು, ಮನೆಗೆ ಬಂದಾಗ ಸಂಪಾಜೆಯಲ್ಲಿ ಹೋಟೆಲಿಟ್ಟ ಅವನ ಮಾವನೂ. ಮೊದಮೊದಲು ಯಂತ್ರಕ್ಕೆ ನಮ್ಮ ಕನ್ನಡ ಹತ್ತಲೇ ಇಲ್ಲ. 'ಗ್ಯಾಸ್ ಬುಕ್ ಮಾಡ್ಲಿಕ್ಕುಂಟು' ಎಂದರೆ 'ಗ್ಯಾಸ್ ಬುಕ್ ಮಾಡಲಿ ಕುಂಟು' ಎಂದು ಬರೆಯಿತು. ಅವನು ಒಂದೊಂದನ್ನೇ ತಿದ್ದಿದ. ಒಂದೂವರೆ ತಿಂಗಳಲ್ಲಿ ಅದು 'ಉಂಟು' ಕಲಿಯಿತು, 'ಹೋಗುದು' ಕಲಿಯಿತು.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ನಾವು ನಾಲ್ವರೂ ಸರದಿಯಲ್ಲಿ ಮೈಕಿಗೆ ಮಾತಾಡಿ ನೋಡುತ್ತಿದ್ದೆವು. ಮೂವರದು ಸಲೀಸಾಗಿ ಆಯಿತು. ಅವನು ಫೋನು ಎತ್ತಿಕೊಳ್ಳಲಿಲ್ಲ.

"ನೀನೂ ಹೇಳು ಮಾರಾಯ. ಮಾಡಿದವ ನೀನೇ ಅಲ್ವಾ" ಎಂದೆ ನಾನು. ನನ್ನ ಸ್ವರದಲ್ಲಿ ಪ್ರೀತಿಯಿತ್ತು. ನಾನು ಆಗಲೇ ನನ್ನ ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದ್ದೆ.

'ನಾಳೆ ಅಮ್ಮನನ್ನು ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗುದು.' ಇಷ್ಟು ಅವನು ಹೇಳಬೇಕಾಗಿದ್ದದ್ದು. ಆ್ಯಪು ಒಂದೂವರೆ ಸೆಕೆಂಡು ಮೌನವಾದರೆ ಮಾತು ಮುಗಿಯಿತೆಂದು ತಿಳಿದು ಒಂದು ಕೆಲಸ ಬರೆದುಕೊಳ್ಳುತ್ತಿತ್ತು, ಆಮೇಲೆ ಬಂದದ್ದನ್ನು ಹೊಸ ಕೆಲಸವೆಂದು ತಿಳಿಯುತ್ತಿತ್ತು. ಅವನ ಒಂದು ಮಾತು ಏಳು ಕೆಲಸವಾಯಿತು. ಮೂರನೆಯದು 'ಅಮ್ಮ' ಎಂದಷ್ಟೇ. ಅದರ ಕೆಳಗೆ ಎಐ ಕೇಳಿತ್ತು: 'ಇದನ್ನು ಯಾವಾಗ ಮುಗಿಸಬೇಕು?' ಏಳನೆಯದು 'ಹೋಗು'. ಅದಕ್ಕೆ ಕೆಂಪು ಚುಕ್ಕೆ ಬಿದ್ದು 'ತುರ್ತು, ಈಗಲೇ' ಎಂದಿತ್ತು.

ನಾವು ನಕ್ಕೆವು. ಗೆಳತಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಸುಳ್ಯದವನಿಗೆ ಕಣ್ಣಲ್ಲಿ ನೀರು ಬಂತು. ಕಡಬದವನೂ ನಕ್ಕ. ಅವನು ನಕ್ಕದ್ದನ್ನು ಹಿಡಿದುಕೊಂಡೇ ನಾನು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ.

ಆ ಸಂಜೆಯೇ ನಾನು ಆ ಪಟ್ಟಿಯ ಚಿತ್ರಕ್ಕೆ ಅವನ ಮುಖ ಅಂಟಿಸಿ, 'ಏಳು ಕೆಲಸ' ಎಂದು ದಪ್ಪ ಅಕ್ಷರದಲ್ಲಿ ಬರೆದು ವಾಟ್ಸ್ಯಾಪ್ ಸ್ಟಿಕರ್ ಮಾಡಿ ಕ್ಲಾಸಿನ ಗ್ರೂಪಿಗೆ ಹಾಕಿದೆ. ಅಕ್ಷರದ ಅಂಚಿಗೆ ನೆರಳು ಕೊಡಲು ಅರ್ಧ ಗಂಟೆ ತೆಗೆದುಕೊಂಡೆ. ಅಷ್ಟು ಶ್ರದ್ಧೆಯಿಂದ ಆ ವರ್ಷ ನಾನು ಬೇರೆ ಏನನ್ನೂ ಮಾಡಿದ ನೆನಪಿಲ್ಲ. ವಾರದೊಳಗೆ ಅವನ ಹೆಸರು 'ಏಳು' ಎಂದಾಯಿತು. "ಏಳು ಬಂದನಾ?" "ಏಳು, ರೆಕಾರ್ಡ್ ಪುಸ್ತಕ ಕೊಡು." ಜೂನಿಯರುಗಳು ಅದು ಅವನ ಮನೆತನದ ಹೆಸರೆಂದು ತಿಳಿದಿದ್ದರು.

ಯಾಕೆ ಮಾಡಿದೆ ಎಂದರೆ ಕಾರಣ ದೊಡ್ಡದಲ್ಲ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ವರ್ಷ ನಾನು ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡುವಾಗ ಇದೇ ಸುಳ್ಯದವನು, ಇದೇ ಗೆಳತಿ ನಕ್ಕಿದ್ದರು. ಆ ಮೇಲೆ ಗೆಳೆಯರಾದದ್ದು. ಕಡಬದವನು ತಂಡಕ್ಕೆ ಬಂದ ಮೇಲೆ ಅವರು ನನ್ನನ್ನು ನೋಡಿ ನಗುವುದು ನಿಂತಿತು. ಆ ಜಾಗ ಇನ್ನೊಮ್ಮೆ ನನ್ನದಾಗಬಾರದೆಂದು ನಾನು ಅವನನ್ನು ಅಲ್ಲಿಯೇ ಒತ್ತಿ ಹಿಡಿದೆ. ಅದರಲ್ಲಿ ಖುಷಿಯೂ ಇತ್ತು. ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ಹದಿನೈದು ದಿನ ಬಿಟ್ಟು ಅವನು ಲ್ಯಾಪ್‌ಟಾಪ್ ತೆರೆದು ನನ್ನ ಎದುರಿಟ್ಟ. ಸೆಟ್ಟಿಂಗ್ಸ್ ಪುಟದಲ್ಲಿ ಒಂದು ಪುಟ್ಟ ಸ್ವಿಚ್ಚು. ಪಕ್ಕದಲ್ಲಿ 'ನಿಧಾನ' ಎಂದು ಬರೆದಿತ್ತು. ಅದನ್ನು ಒತ್ತಿದರೆ ಆ್ಯಪು ಅವಸರಪಡುವುದಿಲ್ಲ, 'ಆಯಿತು' ಎಂದು ನಾವೇ ಮುಟ್ಟುವವರೆಗೆ ಕಾಯುತ್ತದೆ, ಮರುಕಳಿಸಿದ ಅಕ್ಷರಗಳನ್ನು ಒಟ್ಟುಮಾಡಿ ಒಂದೇ ಕೆಲಸವಾಗಿ ಬರೆಯುತ್ತದೆ. ಅವನು ಫೋನು ಹಿಡಿದು ಅದೇ ಮಾತನ್ನು ನನ್ನ ಎದುರು ಇನ್ನೊಮ್ಮೆ ಹೇಳಿದ. ಪೂರ್ತಿ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಪರದೆಯ ಮೇಲೆ ಒಂದೇ ಸಾಲು ಬಂತು, ಒಂದಕ್ಷರವೂ ತಪ್ಪಿರಲಿಲ್ಲ.

"ಪ್ರಾಯ ಆದ ಅಜ್ಜಂದಿರಿಗೂ ಆಗ್ತದೆ. ಪಾರ್ಶ್ವವಾಯು ಆದವರಿಗೂ" ಎಂದ. ಅವನ ಕಣ್ಣು ಹೊಳೆಯುತ್ತಿತ್ತು.

"ಲಾಯ್ಕುಂಟು, ಒಳ್ಳೆದುಂಟು" ಎಂದೆ.

ಮರುದಿನ ಸುಳ್ಯದವನು, "ಅದೆಂತ ಅಜ್ಜಂದಿರ ಸ್ವಿಚ್ಚು? ಡೆಮೋದಲ್ಲಿ ಯಾರಾದ್ರೂ ಗೊತ್ತಾಗದೆ ಅದನ್ನು ಒತ್ತಿದ್ರೆ ಆ್ಯಪು ಸತ್ತ ಹಾಗೆ ಕಾಣ್ತದೆ" ಎಂದ. ತೆಗೆ ಎಂದು ಅವನು ಹೇಳಲಿಲ್ಲ. ಪುಟದ ಬಗ್ಗೆ ತೀರ್ಮಾನಿಸುವವಳು ನಾನು. ನಾನು ತೆಗೆದೆ. ಒಂದು ಸಾಲು ಅಳಿಸಿದರೆ ಮುಗಿಯಿತು. ಕಡಬದವನು ಕೇಳಿದಾಗ, "ಸರ್ ಬೇಡ ಹೇಳಿದ್ರು ಮಾರಾಯ. ಸ್ಕ್ರೀನಲ್ಲಿ ತುಂಬಾ ವಿಷಯ ಆಯ್ತಂತೆ" ಎಂದೆ. ಸರ್ ಆ ಪುಟವನ್ನು ನೋಡಿಯೇ ಇರಲಿಲ್ಲ. ಅವನು "ಸರಿ" ಎಂದ. ಆ ಪದದಲ್ಲಿ ಅವನ ಮಾತು ತಡೆಯಲಿಲ್ಲ.

ಆಮೇಲಿನ ತಿಂಗಳು ವಿಭಾಗದ ಎದುರು ಮೊದಲ ಪ್ರದರ್ಶನ. ಸೆಮಿನಾರ್ ಹಾಲಿನಲ್ಲಿ ಇಡೀ ತರಗತಿ. ಕೊನೆಗೆ 'ಮಿತಿಗಳು' ಎಂಬ ಸ್ಲೈಡು ಇರಬೇಕೆಂದು ನಿಯಮ. ಗೆಳತಿ ಇಂಟರ್ನೆಟ್ ಇಲ್ಲದಿದ್ದರೆ ನಡೆಯುವುದಿಲ್ಲ, ಗಲಾಟೆಯಿದ್ದರೆ ಕೇಳುವುದಿಲ್ಲ ಎಂದು ಬರೆದಿದ್ದಳು. ಲ್ಯಾಬಿನಲ್ಲಿ ತೆಗೆದ ಕಡಬದವನ ರೆಕಾರ್ಡಿಂಗನ್ನು ಅಲ್ಲಿಗೆ ಸೇರಿಸಿದ್ದು ನಾನು. 'ಸ್ಪಷ್ಟವಲ್ಲದ ಮಾತು' ಎಂದು ಶೀರ್ಷಿಕೆ ಕೊಟ್ಟೆ. ಅವನಿಗೆ ಹೇಳಲಿಲ್ಲ.

ಹಾಲಿನ ಎರಡು ದೊಡ್ಡ ಸ್ಪೀಕರುಗಳಲ್ಲಿ ಅವನ ಸ್ವರ ಬಂತು. ಲ್ಯಾಬಿನಲ್ಲಿ ಇಪ್ಪತ್ತು ಸೆಕೆಂಡು ಆಗಿದ್ದದ್ದು ಅಲ್ಲಿ ಎಷ್ಟೋ ಹೊತ್ತು ಆದಂತಿತ್ತು. ಪರದೆಯಲ್ಲಿ ಒಂದಾದ ಮೇಲೊಂದು ಕೆಲಸ ಮೂಡುತ್ತಿತ್ತು. ನಾಲ್ಕರ ಹೊತ್ತಿಗೆ ಹಿಂದಿನ ಸಾಲಿನವರು ಎಣಿಸಲು ಶುರು ಮಾಡಿದರು. "ಐದು... ಆರು..." ಏಳಕ್ಕೆ ಇಡೀ ಹಾಲು ಚಪ್ಪಾಳೆ ತಟ್ಟಿತು.

ಗೈಡ್ ಸರ್ ಕೈಯೆತ್ತಿ ಸುಮ್ಮನಿರಿಸಿ, "ಇದು ಯಾರ ಸ್ವರ?" ಎಂದರು.

"ನಮ್ಮ ಟೀಮಿನವನದ್ದೇ ಸರ್" ಎಂದ ಸುಳ್ಯದವನು.

ಸರ್ ಕಡಬದವನ ಕಡೆ ನೋಡಿದರು. "ಮಿತಿಯನ್ನು ಪ್ರಾಮಾಣಿಕವಾಗಿ ತೋರಿಸಿದ್ದೀರಿ. ಒಳ್ಳೆದು" ಎಂದು ಹಾಳೆಯಲ್ಲಿ ಏನೋ ಗುರುತು ಹಾಕಿದರು.

ಕಡಬದವನು ಪ್ರೊಜೆಕ್ಟರಿನ ವಯರು ಬಿಚ್ಚಿ ಸುರುಳಿ ಮಾಡಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಮರುದಿನ ಬರಲಿಲ್ಲ. ಆ ವಾರ ಇಡೀ ಬರಲಿಲ್ಲ.

ಆ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಇತ್ತು. ಫೋನು ಎತ್ತಲಿಲ್ಲ. "ನೀನು ಹೋಗಿ ತಕ್ಕೊಂಡು ಬಾ. ಹುಡುಗಿ ಹೋದ್ರೆ ಇಲ್ಲ ಹೇಳುದಿಲ್ಲ" ಎಂದ ಸುಳ್ಯದವನು. ಶನಿವಾರ ಕ್ಲಾಸು ಮುಗಿದ ಮೇಲೆ ನಾನು ಸ್ಕೂಟರಿನಲ್ಲಿ ಕಡಬಕ್ಕೆ ಹೋದೆ.

ಮಾರ್ಗದ ಬದಿಗೇ ಮನೆ. ಎದುರಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಗ್ಗದ ಮೇಲೆ ಅರ್ಧ ಹೊಲಿದ ರವಿಕೆಗಳು. ಅವನು ಅಂಗಳದಲ್ಲಿದ್ದ. ನನ್ನನ್ನು ಕಂಡು ಒಳಗೆ ಅಮ್ಮನಿಗೆ ಏನೋ ಹೇಳಿ, ಸೈಕಲ್ ಹತ್ತಿ ಎಲ್ಲಿಗೋ ಹೋದ. ಅವನ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಿಗೆ ಬಂದರು. ಒಂದು ಕಣ್ಣಿನ ಆಪರೇಶನ್ ಆಗಿ ಹತ್ತು ದಿನವಾಗಿತ್ತಂತೆ. ಕನ್ನಡ ಬರುತ್ತಿದ್ದರೂ ಆ ದಿನ ಅವರು ಮಾತಾಡಿದ್ದೆಲ್ಲ ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೂತುಕೋ ಮಗಾ. ನೀನೇ ಅಲ್ವಾ ಬೆಟ್ಟಂಪಾಡಿಯವಳು? ನಿಮ್ಮ ಮೂವರ ವಿಷಯ ಯಾವಾಗ್ಲೂ ಹೇಳ್ತಾನೆ" ಎಂದರು. "ಸಣ್ಣದಿರುವಾಗ ಇವನಿಗೆ ಶಾಲೆಯಲ್ಲಿ ಭಾರೀ ತಮಾಷೆ ಮಾಡ್ತಿದ್ರು. ಅಳ್ತಾ ಬರ್ತಿದ್ದ. ಕಾಲೇಜಲ್ಲಿ ಹಾಗಿಲ್ಲಂತೆ. ಇವನು ಹೇಳಿ ಮುಗಿಸುವವರೆಗೆ ನೀವೆಲ್ಲ ಕಾಯ್ತೀರಂತೆ."

ನಾನು ಹೌದೆಂದು ತಲೆಯಾಡಿಸಿದೆ. ಅವರಿಗೆ ಕಂಡಿತೋ ಇಲ್ಲವೋ.

"ಹೋದ ತಿಂಗಳು ನಿಮ್ಮ ಗೆಳೆಯ ಒಬ್ಬ ಫೋನ್ ಮಾಡಿದ್ದ. ನಾನು ತೆಗೆದೆ. 'ಏಳು ಇದ್ದಾನಾ' ಅಂತ ಕೇಳಿದ. ಎಂತದು ಮಾರಾಯ ಅಂತ ಇವನ ಹತ್ರ ಕೇಳಿದ್ದಕ್ಕೆ, ಕ್ಲಾಸಿಗೆ ಏಳನೆಯವ ನಾನು, ಹಾಗೆ ಕರೀತಾರೆ ಅಂದ." ಅವರು ನಕ್ಕರು. "ಅಷ್ಟು ಮಕ್ಕಳಲ್ಲಿ ಏಳನೆಯವ ಅಂದ್ರೆ ಒಳ್ಳೆದಲ್ವಾ ಮಗಾ?"

"ಭಾರೀ ಒಳ್ಳೆದು ಅಮ್ಮ" ಎಂದೆ.

ಅಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಿಸ್ಕಿಟಿನ ಪ್ಯಾಕೆಟ್ಟು. ನೆಂಟರು ಬಂದರೆಂದು ಅಂಗಡಿಗೆ ಹೋಗಿ ತಂದದ್ದು. ಅಮ್ಮ ಹೇಳಿದ್ದೂ ನಾನು ಹೇಳಿದ್ದೂ ಅವನಿಗೆ ಕೇಳಿಸಿತ್ತು. ಪ್ಯಾಕೆಟ್ ಒಡೆದು ತಟ್ಟೆಯಲ್ಲಿ ಜೋಡಿಸಿ ನನ್ನ ಮುಂದಿಟ್ಟ. ಒಳಗಿನಿಂದ ಪೆನ್ ಡ್ರೈವ್ ತಂದು ಅದರ ಪಕ್ಕ ಇಟ್ಟ. ನಾನು ಎರಡು ಬಿಸ್ಕಿಟ್ ತಿಂದೆ, ಚಹಾ ಕುಡಿದೆ.

ಸ್ಕೂಟರಿನವರೆಗೆ ಬಂದ. ಏನಾದರೂ ಹೇಳಬೇಕಿತ್ತು. ನಾನು ಹೇಳಿದ್ದು ಇಷ್ಟು: "ಅಮ್ಮನ ಹತ್ರ ನಾನು ಎಂತ ಹೇಳ್ಳಿಲ್ಲ, ಆಯ್ತಾ?" ಅವನಿಗೆ ದೊಡ್ಡ ಉಪಕಾರ ಮಾಡಿದವಳಂತೆ. ಅವನು ತಲೆಯಾಡಿಸಿದ.

ಸೋಮವಾರದಿಂದ ಅವನು ಕಾಲೇಜಿಗೆ ಬಂದ. ಹೇಳಿದ ಕೆಲಸ ಮಾಡಿದ. ನಮ್ಮೊಂದಿಗೆ ಮಾತಾಡುವುದಿದ್ದರೆ ಬರೆದು ತೋರಿಸುತ್ತಿದ್ದ. ನಮಗೂ ಅದು ಅನುಕೂಲವೇ ಆಯಿತು. ಬೇಗ ಮುಗಿಯುತ್ತಿತ್ತು.

ಕೊನೆಯ ವೈವಾಕ್ಕೆ ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಸಮಾಧಾನದ ಮನುಷ್ಯ. ನಾವು ಮೂವರು ನಮ್ಮ ನಮ್ಮ ಭಾಗ ಒಪ್ಪಿಸಿದೆವು. ಅವರು ಕನ್ನಡಕ ಮೇಲೇರಿಸಿ, "ಮಾತಿನಿಂದ ಕೆಲಸ ಬೇರ್ಪಡಿಸುವ ಭಾಗ ಚೆನ್ನಾಗಿದೆ. ಯಾರು ಮಾಡಿದ್ದು? ಹೇಗೆ ಮಾಡಿದಿರಿ, ಹೇಳಿ" ಎಂದರು.

ಕಡಬದವನು ಒಂದು ಹೆಜ್ಜೆ ಮುಂದೆ ಬಂದ. ಆ ದಿನ ಅವನು ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿದ್ದ. ಅಮ್ಮ ಹೊಲಿದದ್ದಿರಬೇಕು. ಉಸಿರು ಎಳೆದುಕೊಂಡ. 'ನಾನು' ಎಂಬ ಪದದ ಮೊದಲ ಅಕ್ಷರ ಬಂತು. ಪರೀಕ್ಷಕರು ಕಾಯುತ್ತಿದ್ದರು. ಅವರು ಕಾಯುತ್ತಿದ್ದರು ಎಂಬುದನ್ನು ನಾನು ಒತ್ತಿ ಹೇಳಬೇಕು. ಅವರಿಗೆ ಅವಸರವಿರಲಿಲ್ಲ.

ಸುಳ್ಯದವನು ಅವನ ಹೆಗಲ ಮೇಲೆ ಕೈಯಿಟ್ಟ. "ಸರ್, ಅವನಿಗೆ ಸ್ವಲ್ಪ ಕಷ್ಟ ಉಂಟು. ನಾನು ಹೇಳ್ತೇನೆ ಸರ್" ಎಂದು, ಅವನ ನಾಲ್ಕು ತಿಂಗಳ ಕೆಲಸವನ್ನು ಮೂರು ನಿಮಿಷದಲ್ಲಿ ಹೇಳಿ ಮುಗಿಸಿದ. ತಪ್ಪಿಲ್ಲದೆ ಹೇಳಿದ. 'ನಾವು ಮಾಡಿದ್ದು', 'ನಾವು ಯೋಚಿಸಿದ್ದು' ಎಂದ. ಕಡಬದವನ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ಅವನು ಒಮ್ಮೆ ನನ್ನ ಕಡೆ ನೋಡಿದ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು: ಸರ್, ಅವನೇ ಮಾಡಿದ್ದು, ಅವನೇ ಹೇಳಲಿ. ನಾನು ನನ್ನ ಸ್ಲೈಡುಗಳ ಪ್ರಿಂಟ್ ಜೋಡಿಸಿಕೊಳ್ಳುತ್ತಿದ್ದೆ.

"ಒಬ್ಬರಿಗೊಬ್ಬರು ಆಸರೆಯಾಗಿದ್ದೀರಿ. ತಂಡ ಅಂದರೆ ಹೀಗಿರಬೇಕು" ಎಂದರು ಪರೀಕ್ಷಕರು.

ವಿಭಾಗದ ಉತ್ತಮ ಪ್ರಾಜೆಕ್ಟ್ ನಮ್ಮದಾಯಿತು. ನಾಲ್ವರಲ್ಲಿ ಅತಿ ಕಡಿಮೆ ಅಂಕ ಬಂದದ್ದು ಅವನಿಗೆ. 'ವಿವರಿಸುವ ಸಾಮರ್ಥ್ಯ' ಎಂಬ ಕಾಲಮ್ಮಿನಲ್ಲಿ ಕಳೆದಿದ್ದರು. ಫೋಟೋ ತೆಗೆಯುವ ಹೊತ್ತಿಗೆ ಅವನು ಬಸ್ಸು ಹಿಡಿದಿದ್ದ, ಮೂವರೇ ನಿಂತೆವು. ಆ್ಯಪನ್ನು ಆಮೇಲೆ ಯಾರೂ ಬಳಸಲಿಲ್ಲ. ಸರ್ವರು ತಾನಾಗಿ ನಿಂತುಹೋಯಿತು.

ಈಗ ನಾನು ಪುತ್ತೂರಿನಲ್ಲೇ ಒಂದು ಸಣ್ಣ ಆಫೀಸಿನಲ್ಲಿ ಇದೇ ಕೆಲಸ ಮಾಡುತ್ತೇನೆ, ಪರದೆಯ ಮೇಲೆ ಯಾವುದು ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು. ಗೆಳತಿ ಮದುವೆಯಾಗಿ ಹೋದಳು. ಸುಳ್ಯದವನೊಂದಿಗೆ ಮಾತಿಲ್ಲ, ಜಗಳವೂ ಇಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಕಡಬದವನು ಸಿಕ್ಕಿದ. ಬೆಂಚಿನ ಮೇಲೆ ಕೂತಿದ್ದ. ಮನೆಯಿಂದಲೇ ಯಾವುದೋ ಕಂಪನಿಗೆ ಸರ್ವರ್ ಕೆಲಸ ಮಾಡುತ್ತಿದ್ದಾನಂತೆ. ನಾನು ಪಕ್ಕದಲ್ಲಿ ಕೂತು, ಪೀಠಿಕೆ ಹಾಕದೆ ಹೇಳಿದೆ.

"ಆ ಸ್ವಿಚ್ಚು ಸರ್ ತೆಗಿಲಿಕ್ಕೆ ಹೇಳಿದ್ದಲ್ಲ. ನಾನೇ ತೆಗ್ದದ್ದು."

ಅವನು ಉತ್ತರ ಶುರು ಮಾಡಿದ. ಬಸ್ಸುಗಳ ಹೆಸರು ಕೂಗುವವರ ಸದ್ದಿನ ನಡುವೆ ನಾನು ಕಾದೆ.

"ಗೊತ್ತಿತ್ತು. ಮರುದಿನವೇ ಸರ್ ಹತ್ರ ಕೇಳಿದ್ದೆ. ಅಂಥದ್ದೊಂದು ಇತ್ತು ಅಂತ್ಲೇ ಅವರಿಗೆ ಗೊತ್ತಿರ್ಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ದಿ?"

"ಬೇರೆ ಎರಡು ಟೀಮಿನವರ ಹತ್ರ ಸೇರಿಸ್ಕೊಳ್ತೀರಾ ಕೇಳಿದೆ. ಪ್ರೆಸೆಂಟೇಶನ್ ಉಂಟಲ್ಲ ಅಂದ್ರು."

ಅಂದರೆ ನಾನು ಅವನ ಮನೆಯಲ್ಲಿ ಚಹಾ ಕುಡಿದ ದಿನ ಅವನಿಗೆ ಎಲ್ಲವೂ ಗೊತ್ತಿತ್ತು. ನಾನು ಕ್ಷಮಿಸು ಎಂದೆ. ಸ್ಟಿಕರಿನ ವಿಷಯ, ರೆಕಾರ್ಡಿಂಗಿನ ವಿಷಯ, ಒಂದೊಂದಾಗಿ ಹೇಳತೊಡಗಿದೆ. ಅವನು ಕೈಯೆತ್ತಿ ತಡೆದ.

"ಇದೆಲ್ಲ ಪುನಃ ಹೇಳ್ಬೇಡ. ಹೇಳಿದ್ರೆ ನಿನಗೆ ಹಗುರ ಆಗ್ತದೆ. ನನಗೆ ಎಲ್ಲ ಮೊದಲಿಂದ ಶುರುವಾಗ್ತದೆ."

ಸಿಟ್ಟಿರಲಿಲ್ಲ ಆ ಸ್ವರದಲ್ಲಿ. ಬೇಡದ ವಸ್ತುವನ್ನು ಅಂಗಡಿಯವನಿಗೆ ಮರಳಿಸುವ ಹಾಗೆ ಹೇಳಿದ. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ. ಚೆನ್ನಾಗಿದ್ದಾರೆ ಎಂದ. ಕಡಬದ ಬಸ್ಸು ಬಂತು, ಹತ್ತಿ ಕಿಟಕಿಯ ಬದಿಗೆ ಕೂತ, ಫೋನು ತೆಗೆದು ನೋಡತೊಡಗಿದ. ಬಸ್ಸು ಹೊರಡುವವರೆಗೆ ನಾನು ನಿಂತಿದ್ದೆ. ಅವನು ಈ ಕಡೆ ನೋಡಲಿಲ್ಲ.

ನಾನು ಆಫೀಸಿಗೆ ಹಿಂದೆ ಬಂದೆ. ಬುತ್ತಿಯಲ್ಲಿ ಅನ್ನಕ್ಕೆ ಬಸಳೆ ಪದಾರ್ಥ ಇತ್ತು. ಊಟ ಸೇರಲಿಕ್ಕಿಲ್ಲ ಎಂದುಕೊಂಡಿದ್ದೆ, ಸೇರಿತು. ಎರಡು ಗಂಟೆಗೆ ಮೀಟಿಂಗ್ ಇತ್ತು, ಅದಕ್ಕೂ ಹೋದೆ.